ಮೋಶಿ ದಿನಚರಿ: ಆರನೆಯ ಮಾತ್ರೆಗೆ ಮೊದಲು

14 ಏಪ್ರಿಲ್ 2024, ಭಾನುವಾರ ರಾತ್ರಿ
ಮೋಶಿ, ತಾಂಜಾನಿಯಾ

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಮಗ ಪುಟ್ಟ, ತಟ್ಟೆಯನ್ನು ಆಚೆ ಸರಿಸಿ, ಬಾಳೆಹಣ್ಣನ್ನೂ ಬೇಡವೆಂದು, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಮೂರು ವರ್ಷದ ಹುಡುಗ ಹಗಲಿನಲ್ಲಿ ತಾನಾಗಿ ಮಲಗಿದನೆಂದರೆ ಮೈಯಲ್ಲಿ ಏನೋ ಇದೆ ಎಂದೇ ಅರ್ಥ. ಹಣೆ ಮುಟ್ಟಿದರೆ ಕಾದ ಹಂಚು. ನಾಲ್ಕು ಗಂಟೆಯ ಹೊತ್ತಿಗೆ ಹಲ್ಲು ಕಟಕಟಿಸುವಷ್ಟು ಚಳಿ ಹಿಡಿಯಿತು. ನಾನು ನರ್ಸ್ ಆಗಿ ಹನ್ನೊಂದು ವರ್ಷ ದುಡಿದವಳು, ಇಂಥ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಆದರೂ ದವಾಖಾನೆಯಲ್ಲಿ ಅವನ ಬೆರಳ ತುದಿಯನ್ನು ಚುಚ್ಚಿ ತೆಗೆದ ಒಂದು ಹನಿ ರಕ್ತ ಆ ಬಿಳಿ ಪಟ್ಟಿಯ ಮೇಲೆ ನಿಧಾನವಾಗಿ ಹರಡುತ್ತಿದ್ದಾಗ ನನ್ನ ಕೈ ನೆಟ್ಟಗೆ ನಿಲ್ಲಲಿಲ್ಲ. ಮೊದಲು ಒಂದು ಗೆರೆ ಮೂಡಿತು, ಅದು ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಗೆರೆ. ಅದರ ಪಕ್ಕದಲ್ಲಿ ಇನ್ನೊಂದು, ಮೊದಲು ಉಗುರಿನಿಂದ ಗೀರಿದ ಹಾಗೆ ಮಸುಕಾಗಿ, ಆಮೇಲೆ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಮಲೇರಿಯಾ.

ತಪ್ಪು ನನ್ನದೇ ಎಂದು ಆಗಲೇ ತಿಳಿಯಿತು. ಈಸ್ಟರ್ ಹಬ್ಬಕ್ಕೆ ನಾವು ಪೇಟೆಯಿಂದ ಕೆಳಗೆ, ಭತ್ತದ ಗದ್ದೆಗಳ ಬಯಲಿನಲ್ಲಿರುವ ಒಂದು ಸಣ್ಣ ಕ್ರೈಸ್ತ ಸಭೆಗೆ ಹೋಗಿ ಅಲ್ಲಿಯೇ ರಾತ್ರಿ ಉಳಿದೆವು. ಮಾರ್ಚ್‌ನಿಂದ ಮೇ ತನಕ ಇಲ್ಲಿ ದೊಡ್ಡ ಮಳೆಗಾಲ, ಅದಕ್ಕೆ ಇವರು ಮಸೀಕ ಎನ್ನುತ್ತಾರೆ. ಗದ್ದೆಯಲ್ಲಿ ನೀರು, ನೀರಿನಲ್ಲಿ ಸೊಳ್ಳೆ. ಗಡಿಬಿಡಿಯಲ್ಲಿ ಮಕ್ಕಳ ಸೊಳ್ಳೆಪರದೆಯನ್ನು ಮನೆಯಲ್ಲೇ ಮರೆತಿದ್ದೆ. ಆ ರಾತ್ರಿಯಿಂದ ಶುಕ್ರವಾರಕ್ಕೆ ಸರಿಯಾಗಿ ಹನ್ನೆರಡು ದಿನ. ರೋಗಾಣು ಮೈಯೊಳಗೆ ಬಲಿಯುವುದಕ್ಕೆ ಬೇಕಾಗುವ ಅವಧಿಯ ಲೆಕ್ಕ ನನಗೆ ಚೆನ್ನಾಗಿ ಗೊತ್ತು, ಗೊತ್ತಿದ್ದದ್ದರಿಂದಲೇ ಹೆಚ್ಚು ಸಂಕಟವಾಯಿತು. ನಮ್ಮ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಬಜಾಜಿ ಕರೆತಂದರು. ಇಲ್ಲಿ ಆಟೋರಿಕ್ಷಾಕ್ಕೆ ಬಜಾಜಿ ಎಂದೇ ಹೆಸರು.

ಔಷಧಿಯನ್ನು ಮೂರು ದಿನ, ಆರು ಸಲ ಕೊಡಬೇಕು. ಪುಟ್ಟನ ತೂಕಕ್ಕೆ ಸಲಕ್ಕೆ ಒಂದು ಮಾತ್ರೆ. ಎರಡನೆಯದನ್ನು ಮೊದಲನೆಯದಾದ ಎಂಟು ಗಂಟೆಗೆ ತಪ್ಪದೆ ಕೊಡಬೇಕು, ಮತ್ತು ಬರೀ ಹೊಟ್ಟೆಗೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ಹಾಲಿನಂಥ ಜಿಡ್ಡಿರುವ ಪದಾರ್ಥ ಜೊತೆಗಿರಬೇಕು. ಮೊದಲನೆಯದನ್ನು ಶುಕ್ರವಾರ ಸಂಜೆ ಆರಕ್ಕೆ ಕೊಟ್ಟಿದ್ದರಿಂದ ಎರಡನೆಯದರ ಸರದಿ ರಾತ್ರಿ ಎರಡು ಗಂಟೆಗೆ ಬಂತು. ಕರೆಂಟು ಇರಲಿಲ್ಲ. ಮೊಬೈಲಿನ ಬೆಳಕಿನಲ್ಲಿ ಚಮಚದ ಹಿಂಬದಿಯಿಂದ ಮಾತ್ರೆಯನ್ನು ಅರೆದು, ಜೇನುತುಪ್ಪದಲ್ಲಿ ಕಲಸಿ, ಬಾಯಿಗಿಟ್ಟು, ಅವನು ಉಗುಳದಂತೆ ಕೆನ್ನೆಯನ್ನು ಮೆಲ್ಲಗೆ ಹಿಡಿದು, ಮೇಲೆ ಎರಡು ಗುಟುಕು ಹಾಲು ಕುಡಿಸಿದೆ. ಕುಡಿಸಿದ ಮೇಲೆ ಒಂದು ಗಂಟೆ ಕಾಯಬೇಕು, ಅಷ್ಟರೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು. ಆ ಒಂದು ಗಂಟೆ ಅವನನ್ನು ಭುಜಕ್ಕೆ ಒರಗಿಸಿಕೊಂಡು ಕೋಣೆಯೊಳಗೇ ತಿರುಗಾಡಿದೆ. ಮಾಡಿನ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ನಾನು ಮಾಡುತ್ತಿದ್ದ ಪ್ರಾರ್ಥನೆ ನನ್ನ ಕಿವಿಗೇ ಕೇಳುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನನಗೆ ರೋಸಿನೆ ಕ್ರಾಪ್ ನೆನಪಾಗುತ್ತಾಳೆ. ಆಕೆಯ ಗಂಡ ಯೊಹಾನ್ ಲುಡ್ವಿಗ್ ಕ್ರಾಪ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಕಲಿತು, ಮುಂದೆ ಇನ್ನೊಂದು ಮಿಶನ್ನಿನ ಸೇವೆಯಲ್ಲಿ ಪೂರ್ವ ಆಫ್ರಿಕಕ್ಕೆ ಬಂದವರು. 1844ರಲ್ಲಿ ಮೊಂಬಾಸಾದಲ್ಲಿ ಹೆರಿಗೆಯಾದ ಬೆನ್ನಿಗೇ ರೋಸಿನೆ ಜ್ವರದಿಂದ ತೀರಿಕೊಂಡಳು, ಅವಳ ಹಿಂದೆಯೇ ಆ ಹಸುಗೂಸೂ ಹೋಯಿತು. ಮೊಂಬಾಸಾದ ನ್ಯಾಲಿಯಲ್ಲಿ ಅವಳ ಸಮಾಧಿ ಇದೆ. ಆ ಜ್ವರ ಸೊಳ್ಳೆಯಿಂದ ಬರುತ್ತದೆಂದು ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ರೊನಾಲ್ಡ್ ರಾಸ್ ಎಂಬ ವೈದ್ಯ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೀಳಿ ಅದನ್ನು ಕಂಡುಕೊಂಡದ್ದು 1897ರಲ್ಲಿ, ಅಂದರೆ ಅವಳು ತೀರಿಹೋಗಿ 53 ವರ್ಷಗಳಾದ ಮೇಲೆ. ನನ್ನ ಕೈಯಲ್ಲಿ ಆರು ಮಾತ್ರೆಗಳಿದ್ದವು, ಅವಳ ಕೈಯಲ್ಲಿ ಅಂಥದೇನೂ ಇರಲಿಲ್ಲ. ಶನಿವಾರ ಬೆಳಗಿನ ಜಾವ ಪುಟ್ಟನ ಕತ್ತು ಬೆವರಿ, ಅಂಗಿ ತೊಯ್ದು, ಉಸಿರು ಹಗುರವಾದಾಗ ನಾನು ಅತ್ತದ್ದರಲ್ಲಿ ಸ್ವಲ್ಪ ಪಾಲು ಅವಳಿಗೂ ಸೇರಿತ್ತು.

ಶನಿವಾರ ಇಡೀ ದಿನ ಬಾಗಿಲಲ್ಲಿ "ಹೋದಿ, ಹೋದಿ" ಎನ್ನುವ ದನಿ ಕೇಳುತ್ತಲೇ ಇತ್ತು. ಒಳಗೆ ಬರಲೇ ಎಂದು ಇಲ್ಲಿಯವರು ಕೇಳುವ ರೀತಿ ಅದು. ಮೊದಲು ಬಂದವರು ಹಿತ್ತಲಿನಾಚೆಯ ಮನೆಯ ಮುದುಕಿ. ಮಕ್ಕಳು ಅವರನ್ನು ಬೀಬಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆ. ಮಗಳು ಓಡಿಹೋಗಿ ತಲೆಬಾಗಿಸಿ "ಶಿಕಮೋ" ಎಂದಳು, ಬೀಬಿ ಅವಳ ನೆತ್ತಿಯ ಮೇಲೆ ಕೈಯಿಟ್ಟು "ಮರಹಬಾ" ಎಂದರು. ನಿಮ್ಮ ಪಾದ ಹಿಡಿಯುತ್ತೇನೆ ಎನ್ನುವುದೇ ಆ ಮೊದಲ ಮಾತಿನ ಮೂಲಾರ್ಥವೆಂದು ನಮಗೆ ಭಾಷೆ ಕಲಿಸಿದವರು ಹೇಳಿದ್ದರು. ಹಿರಿಯರ ಕಾಲು ಮುಟ್ಟುವ ನಾಡಿನಿಂದ ಬಂದ ನನಗೆ ಅದನ್ನು ಮಕ್ಕಳಿಗೆ ಕಲಿಸುವುದು ಕಷ್ಟವಾಗಲಿಲ್ಲ. ಬೀಬಿ ಮಗುವಿನ ಬಳಿಗೆ ಹೋಗುವ ಮೊದಲು ನನ್ನ ಎರಡೂ ಕೈಗಳನ್ನು ಹಿಡಿದು "ಪೋಲೆ ನ ಕುಉಗೂಜ" ಎಂದರು. ಪೋಲೆ ಎಂದರೆ ನಿನಗೆ ಕಷ್ಟವಾಯಿತಲ್ಲ ಎಂದು ಮರುಗುವ ಮಾತು, ಎಡವಿದವರಿಗೂ ಹೇಳುತ್ತಾರೆ, ಸಾವಾದ ಮನೆಯಲ್ಲಿಯೂ ಹೇಳುತ್ತಾರೆ. ಆದರೆ ಕಾಯಿಲೆಯವರ ಆರೈಕೆ ಮಾಡುತ್ತಿರುವವರಿಗೆಂದೇ ಇರುವ ಮಾತು ಇದು: ಆರೈಕೆಯಿಂದ ನಿನಗಾಗುತ್ತಿರುವ ದಣಿವಿಗೆ ನಾನು ಮರುಗುತ್ತೇನೆ. ಹನ್ನೊಂದು ವರ್ಷ ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿದರೂ ಇಂಥದೊಂದು ಮಾತು ಇರಬಹುದೆಂದು ನನಗೆ ಹೊಳೆದಿರಲಿಲ್ಲ. ನಾವು ಇಲ್ಲಿಗೆ ಬಂದದ್ದು ಸೇವೆ ಮಾಡಲೆಂದು. ನಾಲ್ಕು ವರ್ಷಗಳಲ್ಲಿ ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎಂದು ನಾನು ಈಗ ಯಾವ ಸಂಕೋಚವೂ ಇಲ್ಲದೆ ಬರೆಯಬಲ್ಲೆ.

ಇಂದು ಬೆಳಿಗ್ಗೆ ನಾಲ್ಕನೆಯ ಮಾತ್ರೆಯಾಯಿತು. ಜ್ವರವಿಲ್ಲ, ಆದರೆ ಮಗು ಇನ್ನೂ ಬಾಡಿದ ಸೊಪ್ಪಿನ ಹಾಗೆ ಇದ್ದ. ನಾನು ಅವನ ಜೊತೆ ಮನೆಯಲ್ಲಿ ಉಳಿದೆ, ಮಗಳು ಅಪ್ಪನ ಜೊತೆ ಆರಾಧನೆಗೆ ಹೋದಳು. ಪುಟ್ಟನಿಗೆ ಊಜಿ ಕಾಯಿಸಿದೆ. ಊಜಿ ಎಂದರೆ ಗಂಜಿ, ಮತ್ತು ನಾನು ಕಾಯಿಸಿದ್ದು ಉಲೇಜಿಯ ಹಿಟ್ಟಿನದು, ಅಂದರೆ ನಮ್ಮ ರಾಗಿಯದೇ. ಮೊದಲ ಸಲ ಇಲ್ಲಿನ ಸಂತೆಯಲ್ಲಿ ಚೀಲದ ತುಂಬ ರಾಗಿ ಕಂಡಾಗ ಅದು ನಮ್ಮ ದೇಶದಿಂದ ಬಂದಿರಬೇಕು ಎಂದುಕೊಂಡಿದ್ದೆ. ನಿಜ ಅದರ ತದ್ವಿರುದ್ಧ: ರಾಗಿ ಮೊದಲು ಬೆಳೆಯಾದದ್ದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ, ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಂದ ನಮ್ಮ ಕಡೆಗೆ ಬಂತು. ಜೋಳವೂ ಹಾಗೆಯೇ ಆಫ್ರಿಕದ್ದು. ಜೋಳದ ರೊಟ್ಟಿ ತಿಂದು ಬೆಳೆದ ಗದಗ ಬೆಟಗೇರಿಯವಳು ನಾನು, ನಮ್ಮ ಮನೆಯವರು ಮಂಗಳೂರಿನ ಕುಚ್ಚಲಕ್ಕಿಯವರು, ಮಕ್ಕಳು ಮೆಕ್ಕೆಜೋಳದ ಉಗಾಲಿಯವರು. ಪುಟ್ಟ ಅರ್ಧ ಬಟ್ಟಲು ಗಂಜಿ ಕುಡಿದು ಇನ್ನೂ ಬೇಕು ಎಂದ. ಮೂರು ದಿನಗಳಲ್ಲಿ ನಾನು ಕೇಳಿದ ಅತ್ಯಂತ ಸಿಹಿಯಾದ ಮಾತು ಅದು.

ಮಧ್ಯಾಹ್ನ ಮಗಳು ಬಂದದ್ದು ಕೈಗಳನ್ನು ಬಟ್ಟಲಿನಂತೆ ಮಾಡಿಕೊಂಡು. ಆರಾಧನೆಯ ನಂತರ ಇಲ್ಲಿ ಅಂಗಳದಲ್ಲಿ ಏಲಂ ನಡೆಯುತ್ತದೆ. ಕೈಯಲ್ಲಿ ದುಡ್ಡಿಲ್ಲದವರು ಕಾಣಿಕೆಯಾಗಿ ಬಾಳೆಗೊನೆ, ಕೋಳಿ, ಮೊಟ್ಟೆ, ಒಂದು ಹಿಡಿ ಸೊಪ್ಪು ತಂದಿರುತ್ತಾರೆ, ಅವನ್ನು ಕೂಗಿ ಮಾರಿದ ಹಣ ಸಭೆಗೆ ಸೇರುತ್ತದೆ. ನಮ್ಮ ಕಡೆ ವರ್ಷಕ್ಕೊಮ್ಮೆ ಬೆಳೆಹಬ್ಬದ ದಿನ ಮಾಡುವುದನ್ನು ಇವರು ವಾರವಾರವೂ ಮಾಡುತ್ತಾರೆ. ಮಗಳ ಬಳಿ 500 ಶಿಲ್ಲಿಂಗಿನ ಒಂದು ನಾಣ್ಯವಿತ್ತು. ಮೊಟ್ಟೆಯ ಬುಟ್ಟಿ ಬಂದಾಗ ಅವಳು ಅಪ್ಪನನ್ನು ಕೇಳದೆಯೇ ನಾಣ್ಯವನ್ನು ಮೇಲೆತ್ತಿ ಹಿಡಿದು ನಿಂತಳಂತೆ. ಕೂಗುತ್ತಿದ್ದ ಹಿರಿಯರು ಬುಟ್ಟಿಯನ್ನು ಕೆಳಗಿಟ್ಟು, ಯಾರಿಗಮ್ಮಾ ಎಂದು ಕೇಳಿದಾಗ, ನನ್ನ ತಮ್ಮನಿಗೆ, ಅವನಿಗೆ ಹುಷಾರಿಲ್ಲ ಎಂದು ಸ್ವಾಹಿಲಿಯಲ್ಲಿ ಉತ್ತರಿಸಿದಳಂತೆ. ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ "ಪೋಲೆ" ಎಂದರು, ಹಿರಿಯರು ಬುಟ್ಟಿಯಿಂದ ಒಂದು ಮೊಟ್ಟೆಯನ್ನು ಆರಿಸಿ ಅವಳ ಅಂಗೈಯಲ್ಲಿಟ್ಟರು. ಮನೆಯ ತನಕ ಅರ್ಧ ಗಂಟೆಯ ಕೆಸರು ದಾರಿ. ಅಪ್ಪ ಕೇಳಿದರೂ ಕೊಡದೆ, ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ತಂದ ಮೊಟ್ಟೆಯನ್ನು ಅವಳು ನನ್ನ ಕೈಗಿತ್ತಾಗ ಅದು ಬೆಚ್ಚಗಿತ್ತು.

ಸಂಜೆ ಏಳಕ್ಕೆ ಅವ್ವನಿಗೆ ವಿಡಿಯೊ ಕರೆ ಮಾಡಿದೆವು. ಅಲ್ಲಿ ಆಗ ರಾತ್ರಿ ಒಂಬತ್ತೂವರೆ. ಪುಟ್ಟನ ಮುಖ ನೋಡಿ ಕಣ್ಣೊರೆಸಿಕೊಂಡ ಅವ್ವ ಆಮೇಲೆ ಹಳೆಯ ಮಾತನ್ನೇ ತೆಗೆದಳು. "ಹಿರೇ ಕೂಸಿನ್ನರ ನನ್ನ ಕಡೆ ಬಿಡವಾ. ಜೂನ್ ತಿಂಗಳಾಗ ಸಾಲಿಗೆ ಹಾಕೋಣು. ನಾ ಇನ್ನೂ ಗಟ್ಟಿ ಅದೀನಿ." ಮಗಳಿಗೆ ಆರು ವರ್ಷವಾದಾಗಿನಿಂದ ಇದನ್ನು ಅವ್ವ ಒಬ್ಬಳೇ ಅಲ್ಲ, ಅತ್ತೆಯವರೂ, ನಮ್ಮನ್ನು ಕಳುಹಿಸಿದ ಸಭೆಯ ಹಿರಿಯರೂ, ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಮಗುವಿನ ಓದು ಕೆಡಬಾರದು, ಆರೋಗ್ಯ ಕೆಡಬಾರದು. ಶುಕ್ರವಾರ ರಾತ್ರಿ ನಾನೂ ಅದನ್ನೇ ಯೋಚಿಸಿದೆ, ಇಬ್ಬರನ್ನೂ ಕರೆದುಕೊಂಡು ಮರುದಿನವೇ ಹೊರಟುಬಿಡಬೇಕೆಂದು ಅನ್ನಿಸಿತು.

ಆದರೆ ಈ ಮಾತು ಬಂದಾಗಲೆಲ್ಲ ಇನ್ನೊಂದು ಕೂಸು ನನ್ನ ಕಣ್ಣ ಮುಂದೆ ಬರುತ್ತದೆ. 1834ರಲ್ಲಿ ಬಾಸೆಲ್ ಮಿಶನರಿ ಹೆಬಿಕ್ ಮತ್ತು ಅವರ ಸಂಗಡಿಗರು ಮಂಗಳೂರಿಗೆ ಬಂದರು, 1841ರಲ್ಲಿ ನಮ್ಮ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನ ಕೇಂದ್ರವಾಯಿತು. ಮೋಡವಿಲ್ಲದ ದಿನ ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ಕಿಲಿಮಂಜಾರೋದ ಹಿಮವನ್ನು 1848ರಲ್ಲಿ ಕಂಡು ಯುರೋಪಿಗೆ ಮೊದಲು ತಿಳಿಸಿದ ರೆಬ್‌ಮನ್ ಕೂಡ ಅದೇ ಬಾಸೆಲ್ಲಿನಲ್ಲಿ ಕಲಿತವರು. ಆ ಕಾಲದ ಬಾಸೆಲ್ ಮಿಶನರಿಗಳು ನಮ್ಮ ನಾಡಿನ ಹವೆ, ಅಲ್ಲಿಯ ಜ್ವರ ಮಕ್ಕಳಿಗೆ ಆಗದೆಂದು, ಶಿಕ್ಷಣ ತಮ್ಮ ದೇಶದಲ್ಲಿಯೇ ಆಗಬೇಕೆಂದು, ಆರು ವರ್ಷದ ಆಸುಪಾಸಿನಲ್ಲಿ ಮಕ್ಕಳನ್ನು ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಅಂಥ ಮಕ್ಕಳಿಗೆಂದೇ ಬಾಸೆಲ್ಲಿನಲ್ಲಿ ಒಂದು ಮನೆಯಿತ್ತು. ನಾನು ಹೇಳಿದ ಆ ಕೂಸು, ಮಲಯಾಳ ನಿಘಂಟು ಬರೆದ ಮಿಶನರಿ ಗುಂಡರ್ಟರ ಮಗಳು ಮರೀ, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತೀರ ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಅವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಅವಳೇ.

ನಮ್ಮ ಊರುಗಳಿಗೆ ಶಾಲೆ, ಮಗ್ಗ, ಹೆಂಚಿನ ಕಾರ್ಖಾನೆ, ಅಚ್ಚುಕೂಟ ಕೊಟ್ಟವರ ಬಗ್ಗೆ ನನಗೆ ಗೌರವ ಕಡಿಮೆಯಿಲ್ಲ, ನಾನು ಅಕ್ಷರ ಕಲಿತದ್ದು ಅವರು ಕಟ್ಟಿದ ಶಾಲೆಯಲ್ಲಿಯೇ. ಮಕ್ಕಳನ್ನು ಹಡಗು ಹತ್ತಿಸಿದ ತಾಯಂದಿರಿಗೆ ಕಲ್ಲೆದೆ ಇತ್ತೆಂದು ನಾನು ಹೇಳಲಾರೆ. ರೋಸಿನೆಯ ಸಮಾಧಿಯಂಥವು ಎಷ್ಟೋ ಅವರ ಕಣ್ಣೆದುರಿಗಿದ್ದವು. ಆದರೆ ಅವರಿಗಿದ್ದ ಕಾರಣ ನನಗಿಲ್ಲ. ನನ್ನ ಬಳಿ ಪರದೆಯಿದೆ, ಪರೀಕ್ಷೆಯ ಪಟ್ಟಿಯಿದೆ, ಆರು ಮಾತ್ರೆಗಳಿವೆ, ಮಗಳಿಗೆ ನಡೆದುಹೋಗುವಷ್ಟು ಹತ್ತಿರ ಶಾಲೆಯಿದೆ. ಜನವರಿಯಲ್ಲಿ ಒಂದನೆಯ ತರಗತಿಗೆ ಸೇರಿದವಳು ಬೆಳಿಗ್ಗೆ ಬೇಗ ಹೋಗಿ ಉಳಿದ ಮಕ್ಕಳೊಂದಿಗೆ ಅಂಗಳ ಗುಡಿಸುತ್ತಾಳೆ, ಪೆಸಾ, ಲಾಕಿ ಎಂದು ನಮ್ಮ ಪೈಸೆ, ಲಕ್ಷಗಳನ್ನೇ ಹೊತ್ತ ಭಾಷೆಯಲ್ಲಿ ಲೆಕ್ಕ ಕಲಿಯುತ್ತಾಳೆ. ಕನ್ನಡವನ್ನು ನಾನೇ ಕಲಿಸುತ್ತೇನೆ, ಒತ್ತಕ್ಷರದ ತನಕ ಬಂದಿದ್ದೇವೆ. ನೆರೆಯವರು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮಗಳ ಹೆಸರಿಗೆ ಮೊದಲು ಮಾಮಾ ಎಂದು ಸೇರಿಸಿ, ಇಂಥವಳ ತಾಯಿ ಎಂದೇ ಕರೆಯುತ್ತಾರೆ. ಅವಳನ್ನು ಬೆಟಗೇರಿಯಲ್ಲಿ ಬಿಟ್ಟು ಬಂದು ಆ ಹೆಸರಿಗೆ ನಾನು ಹೇಗೆ ಓಗೊಡಲಿ?

ಅವ್ವನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. "ಕೂಸು ನಮ್ಮ ಕಡೇನ ಇರಲಿ ಅವ್ವಾ. ಡಿಸೆಂಬರ್ ಸೂಟಿಗೆ ಎಲ್ಲಾರೂ ಬರ್ತೀವಿ" ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಗಳನ್ನು ಕರೆದು, ಮೊಟ್ಟೆ ತಂದ ಕಥೆಯನ್ನು ಮೊದಲಿನಿಂದ ಹೇಳಿಸಿ ಕೇಳಿದಳು. ಅವ್ವನ ಮನಸ್ಸು ನೊಂದಿದೆ ಎಂದು ನನಗೆ ಗೊತ್ತು.

ಆರು ಗಂಟೆಗೇ ಐದನೆಯ ಮಾತ್ರೆಯಾಗಿತ್ತು, ಅದರ ಜೊತೆ ಅಕ್ಕ ತಂದ ಮೊಟ್ಟೆಯನ್ನು ಬೇಯಿಸಿ ಕೊಟ್ಟಿದ್ದೆ. ಹಳದಿಯನ್ನೆಲ್ಲ ಪುಟ್ಟ ತಿಂದ, ಬಿಳಿಯದನ್ನು ಅಕ್ಕನ ಬಾಯಿಗಿಟ್ಟ. ಈಗ ಇಬ್ಬರೂ ಒಂದೇ ಪರದೆಯೊಳಗೆ ಮಲಗಿದ್ದಾರೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಎರಡು ಸಲ ನೋಡಿದೆ. ಕೊನೆಯ ಮಾತ್ರೆ ನಾಳೆ ಬೆಳಿಗ್ಗೆ ಆರಕ್ಕೆ. ಇಲ್ಲಿಯವರು ಗಂಟೆಯನ್ನು ಸೂರ್ಯ ಹುಟ್ಟಿದಲ್ಲಿಂದ ಎಣಿಸುವುದರಿಂದ ಆರು ಎಂದರೆ ಇವರಿಗೆ ಹನ್ನೆರಡು. ಮಲಗುವ ಮುಂಚೆ ಮಗಳು ಹೇಳಿದ್ದಾಳೆ: "ಅಮ್ಮಾ, ಹನ್ನೆರಡಕ್ಕೆ ನನ್ನನ್ನೂ ಎಬ್ಬಿಸು, ಜೇನು ನಾನು ಕಲಸ್ತೀನಿ."