ಒಗೆಯುವ ಕಲ್ಲು

ಪದವಿಯಲ್ಲಿ ಕನ್ನಡಕ್ಕೆ ನನಗೆ ಬಂದಿದ್ದು 38 ಅಂಕ. ಅಂಥವನು ಕಾಲೇಜಿನ ಸಂಚಿಕೆಗೆ ಶಾಸನದ ಬಗ್ಗೆ ಬರೆಯುತ್ತಿದ್ದಾನೆ ಅಂದರೆ ನನ್ನ ಬೆಂಚಿನವರು ನಗುತ್ತಾರೆ. ನಗಲಿ. ತಪ್ಪು ನಮ್ಮ ಕನ್ನಡ ಮೇಷ್ಟ್ರದ್ದು.

2018. ನಾವು ಎರಡನೇ ವರ್ಷದ ಬಿ.ಕಾಂ. ಒಂದು ದಿನ ಮೇಷ್ಟ್ರು ಪಾಠ ಪಕ್ಕಕ್ಕಿಟ್ಟು ಬೋರ್ಡಿನ ಮೇಲೆ ‘ಪೆರ್ಬೊಳಲ್’ ಅಂತ ಬರೆದರು. ಇದು ಯಾವ ಊರು ಹೇಳಿ ಅಂದರು. ಯಾರೂ ಬಾಯಿ ಬಿಡಲಿಲ್ಲ. “ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು. ಈಗ ಹೇಳ್ರೋ.” ಹಿಂದಿನಿಂದ ಒಬ್ಬ ಅನುಮಾನದಲ್ಲೇ “ಹೆಬ್ಬಾಳ?” ಅಂದ.

ದಿನಾ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬರುತ್ತಿದ್ದವನು ನಾನು. ಆ ಊರಿಗೆ ಟ್ರಾಫಿಕ್ ಬಿಟ್ಟು ಇನ್ನೇನೋ ಇದೆ ಅಂತ ಗೊತ್ತಾಗಿದ್ದು ಅವತ್ತೇ. ಆ ವರ್ಷ ಅಲ್ಲಿ ಒಂದು ವೀರಗಲ್ಲು ಸಿಕ್ಕಿತ್ತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಮೇಷ್ಟ್ರು ಬರೆದ ಪೆರ್ಬೊಳಲ್, ಕಾದಾಡಿ ಸತ್ತ ಕಿತ್ತಯ್ಯನ ಹೆಸರು ಎರಡೂ ಅದರಲ್ಲಿವೆ. ಊರವರು, ಸ್ವಯಂಸೇವಕರು ಸೇರಿ ಆಮೇಲೆ ಅದಕ್ಕೊಂದು ಮಂಟಪವನ್ನೂ ಕಟ್ಟಿದರು. ಬೇಗೂರಿನ ಕಲ್ಲಿನ ಕಥೆ ಗೊತ್ತೇ ಇದೆಯಲ್ಲ. ‘ಬೆಂಗಳೂರ ಕಾಳೆಗ’ ಅಂತ ಅದರಲ್ಲಿ ಕೆತ್ತಿದ್ದು ಸುಮಾರು 890ರಲ್ಲಿ. ವೀರಬಲ್ಲಾಳನಿಗೆ ಯಾರೋ ಅಜ್ಜಿ ಬೆಂದಕಾಳು ಕೊಡುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು.

ಹೀಗೆ ಶುರುವಾಯ್ತು ನಮ್ಮ ಭಾನುವಾರದ ತಿರುಗಾಟ. ಆರು ಜನ ಹುಡುಗರು, ಮೇಷ್ಟ್ರು, ಮೂರು ಬೈಕು. ಕೈಯಲ್ಲಿ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದ ಜೆರಾಕ್ಸ್. ಬೆಂಗಳೂರು ಜಿಲ್ಲೆಯಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳು ಅದರಲ್ಲಿವೆ. ವಿಳಾಸ ಮಾತ್ರ ಆ ಕಾಲದ್ದು: ಇದೇ ಊರಿನ ಉತ್ತರಕ್ಕೆ ಹೊಲದಲ್ಲಿರುವ ಕಲ್ಲು. ಹೊಲ ಎಲ್ಲಿದೆ ಸ್ವಾಮಿ? ಅಲ್ಲಿ ಈಗ ಸೆಕೆಂಡ್ ಕ್ರಾಸು, ಥರ್ಡ್ ಕ್ರಾಸು, ಒಂದು ಜಿಮ್ಮು.

ಮೊದಲ ಮೂರು ವಾರ ಬರಿಗೈ. ನಾಲ್ಕನೇ ವಾರ ಒಂದು ಕಲ್ಲು ಸಿಕ್ಕಿತು, ಎರಡು ತುಂಡಾಗಿ. ಚರಂಡಿ ಅಗೆಯುವಾಗ ಜೆಸಿಬಿ ತಗುಲಿತ್ತು. ಇನ್ನೊಂದು ಕಡೆ ಕಲ್ಲಿನ ಕೆಳಗೆ ನಿಧಿ ಇದೆ ಅಂತ ಯಾರೋ ರಾತ್ರಿ ಅಗೆದು ಉರುಳಿಸಿದ್ದರು. ನಿಧಿ ಗಿಧಿ ಏನೂ ಇರಲ್ಲ ಅಂತ ಎಷ್ಟು ಊರಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ.

ನಾನೂ ಸಾಚಾ ಅಲ್ಲ. ಪಾಚಿ ತೆಗೆಯೋಣ ಅಂತ ಒಮ್ಮೆ ತಂತಿ ಬ್ರಷ್ ಹಿಡಿದು ಉಜ್ಜಿದೆ. ಮೇಷ್ಟ್ರು ಓಡಿ ಬಂದು ಕೈ ಹಿಡಿದರು. ನೋಡಿದರೆ ಒಂದು ಅಕ್ಷರದ ಮೇಲೆ ಬಿಳೀ ಗೀರು. ಅವರು ಬೈಯಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ಅವತ್ತಿನಿಂದ ನೀರು ಮತ್ತು ಹಳೇ ಹಲ್ಲುಜ್ಜೋ ಬ್ರಷ್ ಅಷ್ಟೇ. ಸವೆದ ಅಕ್ಷರ ಓದಲು ಟಾರ್ಚ್ ಸಾಕು. ಎದುರಿಗೆ ಹಿಡಿದರೆ ಏನೂ ಕಾಣದು. ಸಂಜೆ ಹೊತ್ತು ಕಲ್ಲಿನ ಪಕ್ಕಕ್ಕೆ ತಂದು, ಬೆಳಕು ಮೈಗೆ ಸವರಿಕೊಂಡು ಹೋಗುವ ಹಾಗೆ ಹಿಡಿಯಬೇಕು. ಬರೀ ಕಲ್ಲು ಅಂದುಕೊಂಡಿದ್ದ ಕಡೆ ಸಾಲು ಸಾಲಾಗಿ ನೆರಳು ಏಳುತ್ತದೆ. ಇವತ್ತಿಗೂ ನನಗೆ ಅದು ಮೈ ಜುಮ್ಮೆನ್ನಿಸುತ್ತದೆ.

ಆ ಒಗೆಯುವ ಕಲ್ಲು ಸಿಕ್ಕಿದ್ದು ರಿಂಗ್ ರೋಡಿನಾಚೆಯ ಒಂದು ಹಳೇ ಊರಿನಲ್ಲಿ. ವಠಾರದ ನಲ್ಲಿ ಪಕ್ಕ ಮಲಗಿತ್ತು. ಅಜ್ಜಿಯೊಬ್ಬರು ಅದರ ಮೇಲೆ ಬೆಡ್‌ಶೀಟ್ ಬಡಿಯುತ್ತಿದ್ದರು. ಸೋಪಿನ ನೊರೆ ಇಳಿಯುತ್ತಿದ್ದ ಅಂಚಿನಲ್ಲಿ ಒಂದು ‘ಶ್ರೀ’ ಅರ್ಧ ಕಂಡಿತು. ಅಕ್ಷರದ ಮುಖ ಕೆಳಗಿತ್ತು. ತಿರುಗಿಸಬೇಕು ಅಂದೆವು. ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ತಿರುಗಿಸಿ. ನಾನು ಬಟ್ಟೆ ಎಲ್ಲಿ ಒಗೀಲಿ?”

ನ್ಯಾಯವಾದ ಪ್ರಶ್ನೆ. ಮುಂದಿನ ವಾರ ನಾವು ಚಂದಾ ಎತ್ತಿ ಒಂದು ಹೊಸ ಚಪ್ಪಡಿ ತಂದೆವು, ಗೂಡ್ಸ್ ಆಟೋದಲ್ಲಿ. ಅಜ್ಜಿ ಅದರ ಮೇಲೆ ಕೈಯಾಡಿಸಿ, ಒಂದು ಟವೆಲ್ ಒಗೆದು ನೋಡಿ, ಆಮೇಲೆ ಹೂಂ ಅಂದರು. ಹಾರೆ ಹಾಕಿ ಹಳೇ ಕಲ್ಲು ತಿರುಗಿಸಿದೆವು. ಮೇಲೆ ಸೂರ್ಯ ಚಂದ್ರ, ಕೆಳಗೆ ಹದಿನಾಲ್ಕು ಸಾಲು. ಒಂದಕ್ಷರ ಮುಕ್ಕಾಗಿರಲಿಲ್ಲ. ದೇವಸ್ಥಾನಕ್ಕೆ ಗದ್ದೆ ಬಿಟ್ಟುಕೊಟ್ಟ ದಾನಶಾಸನ. ಕೊನೆಗೆ ಮಾಮೂಲಿ ಶಾಪ: ಇದಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು.

ಮೇಷ್ಟ್ರು ಅದನ್ನು ಜೋರಾಗಿ ಓದಿಬಿಟ್ಟರು. ಅಜ್ಜಿಯ ಮುಖ ಸಣ್ಣಗಾಯ್ತು. “ಮೂವತ್ತು ವರ್ಷದಿಂದ ಇದರ ಮೇಲೇ ಒಗೀತಿದೀನಲ್ಲಪ್ಪ. ನನಗೂ ಪಾಪ ಸುತ್ತಿಕೊಳ್ಳತ್ತಾ?”

“ನೀವು ಒಗೀತಿದ್ರಿ ಅಂತಲೇ ಇದು ಉಳಿದಿದ್ದು ತಾಯಿ. ಇಲ್ಲಾಂದ್ರೆ ಯಾರೋ ಒಡೆದು ಪಾಯಕ್ಕೆ ಹಾಕಿರೋರು.”

ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಕಲ್ಲನ್ನು ಮ್ಯೂಸಿಯಂಗೆ ಸಾಗಿಸಿಬಿಡೋಣ ಅಂತ ನಮ್ಮಲ್ಲೇ ವಾದ ಇತ್ತು. ನನ್ನ ಓಟೂ ಅದಕ್ಕೇ ಇತ್ತು. ಮೇಷ್ಟ್ರು ಒಪ್ಪಲಿಲ್ಲ. ಈ ಗದ್ದೆ, ಈ ಕೆರೆ ಅಂತ ಕಲ್ಲು ಬೆರಳು ಮಾಡಿ ತೋರಿಸುತ್ತಿದೆ, ಅದನ್ನು ಎತ್ತಿಕೊಂಡು ಹೋದರೆ ಯಾವುದನ್ನು ತೋರಿಸುತ್ತೆ ಅಂದರು. ಅಲ್ವಾ? ಗದ್ದೆ ಅಪಾರ್ಟ್‌ಮೆಂಟ್ ಆಗಿದೆ ಅನ್ನುವುದು ಬೇರೆ ಮಾತು. ವಠಾರದ ಗೋಡೆಗೆ ಸೇರಿಸಿ ಕಲ್ಲು ನಿಲ್ಲಿಸಿ ಒಂದು ಕಟ್ಟೆ ಕಟ್ಟಿದೆವು. ಸಿಮೆಂಟ್ ಕಲಸಿದ್ದು ನಾನೇ, ಸ್ವಲ್ಪ ಓರೆಯಾಗಿದೆ.

ಕೆಲಸಕ್ಕೆ ಸೇರಿದ ಮೇಲೆ ಭಾನುವಾರಗಳು ಕೈ ತಪ್ಪಿದವು. 1909ರಿಂದ ಇರುವ ಇತಿಹಾಸದ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಥ್ರೀಡಿ ಸ್ಕ್ಯಾನ್ ಮಾಡುತ್ತಿರುವುದನ್ನು ಈಚೆಗೆ ನೋಡಿದೆ. ಕಂಪ್ಯೂಟರಿನಲ್ಲಿ ಕಲ್ಲನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಬೆಳಕನ್ನು ಯಾವ ಕಡೆಯಿಂದ ಬೇಕಾದರೂ ಬಿಡಬಹುದು. ನಮ್ಮ ಟಾರ್ಚು ನೆನಪಾಯ್ತು.

ಕಳೆದ ದಸರಾಕ್ಕೆ ಆ ವಠಾರಕ್ಕೆ ಹೋಗಿದ್ದೆ. ರಸ್ತೆ ಅಗಲ ಮಾಡಲು ಗುರುತು ಹಾಕಲು ಬಂದವರನ್ನು ಅಜ್ಜಿ ಕಲ್ಲಿನ ಮುಂದೆ ಕೂರಿಸಿ, ಹದಿನಾಲ್ಕು ಸಾಲಿನ ಅರ್ಥವನ್ನೂ ಹೇಳಿದರಂತೆ, ಶಾಪವನ್ನು ಎರಡು ಸಲ. ಗೆರೆ ಎರಡಡಿ ಆಚೆ ಹೋಗಿದೆ. ಪೂಜೆ ಮಾಡುತ್ತಿದ್ದಾರೆ, ಅರಿಶಿನ ಕುಂಕುಮ ಹಚ್ಚಿದ್ದಾರೆ. ಅಕ್ಷರದ ಮೇಲೆ ಹಚ್ಚಬೇಡಿ ಅಂತ ಅವತ್ತು ಹೇಳಿ ಬಂದಿದ್ದೆವು. ಬಗ್ಗಿ ನೋಡಿದೆ. ಸೂರ್ಯನಿಗೊಂದು ಬೊಟ್ಟು, ಚಂದ್ರನಿಗೊಂದು ಬೊಟ್ಟು, ಅಷ್ಟೇ.