ಲ್ಯಾಪ್‌ಟಾಪ್ ನಿದ್ದೆಯಿಂದ ಏಳದಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ, ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಆಫೀಸಿನ ಲಿನಕ್ಸ್ ಲ್ಯಾಪ್‌ಟಾಪ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬರುವ ದೂರುಗಳಲ್ಲಿ ಹೆಚ್ಚು ಸತಾಯಿಸುವುದು ಇದು: "ಮುಚ್ಚಿಟ್ಟು ಊಟಕ್ಕೆ ಹೋಗಿದ್ದೆ ಸರ್, ಬಂದು ತೆರೆದರೆ ಸ್ಕ್ರೀನ್ ಕಪ್ಪು." ಆಗ ಬಹಳ ಜನ ನೆಟ್‌ನಲ್ಲಿ ಸಿಕ್ಕಿದ ಕರ್ನಲ್ (ಲಿನಕ್ಸ್‌ನ ತಿರುಳು) ಪ್ಯಾರಾಮೀಟರುಗಳನ್ನೆಲ್ಲ ಗ್ರಬ್‌ಗೆ, ಅಂದರೆ ಲಿನಕ್ಸನ್ನು ಶುರುಮಾಡುವ ಬೂಟ್ ಪ್ರೋಗ್ರಾಮಿಗೆ, ತುಂಬುತ್ತಾರೆ. ನಮ್ಮ ತಂಡದಲ್ಲಿ ನಾನು ಅದಕ್ಕೆ ಬಿಡುವುದಿಲ್ಲ. ಅಕಸ್ಮಾತ್ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ಅಪ್‌ಡೇಟ್‌ಗೆ ಮತ್ತೆ ಅದೇ ಗೋಳು.

ಮೊದಲು ತಿಳಿಯಬೇಕಾದ್ದು, ಸತ್ತಿರುವುದು ಮಷೀನೋ ಬರೀ ಸ್ಕ್ರೀನೋ ಎಂಬುದು. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತುತ್ತದೆಯೇ? ಪಕ್ಕದ ಮಷೀನಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಆಗುತ್ತದೆಯೇ? ಆಗುವುದಾದರೆ ಕರ್ನಲ್ ಎದ್ದಿದೆ. ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಿದರೆ ಸಾಕು.

ಎರಡೂ ಆಗದಿದ್ದರೆ ಕರ್ನಲ್‌ನಲ್ಲೇ ಇರುವ ಪಿಎಂ ಟೆಸ್ಟ್ (ಪವರ್ ಮ್ಯಾನೇಜ್‌ಮೆಂಟ್ ಪರೀಕ್ಷೆ) ಸೌಲಭ್ಯ ಬಳಸಿ. ನಿದ್ದೆಗೆ ಜಾರುವಾಗ ಲಿನಕ್ಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲು ಪ್ರೋಗ್ರಾಮುಗಳನ್ನು ನಿಲ್ಲಿಸುತ್ತದೆ, ಆಮೇಲೆ ಒಂದೊಂದೇ ಸಾಧನವನ್ನು ಮಲಗಿಸುತ್ತದೆ, ನಂತರ ಫರ್ಮ್‌ವೇರ್‌ನ (ಮಷೀನಿನೊಳಗೇ ಬರುವ ಮೂಲ ತಂತ್ರಾಂಶ) ಸಿದ್ಧತೆ, ಆಮೇಲೆ ಒಂದನ್ನು ಬಿಟ್ಟು ಉಳಿದ ಪ್ರೊಸೆಸರ್ ಕೋರ್‌ಗಳು, ಕೊನೆಗೆ ತೀರಾ ಒಳಗಿನ ಸಿಸ್ಟಮ್ ಸಾಧನಗಳು. ಪಿಎಂ ಟೆಸ್ಟ್ ಫೈಲಿಗೆ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂಬ ಹೆಸರುಗಳಲ್ಲಿ ಒಂದನ್ನು ಬರೆದು ಸಸ್ಪೆಂಡ್ ಕೊಟ್ಟರೆ, ಆ ಮೆಟ್ಟಿಲ ತನಕ ಮಾತ್ರ ಇಳಿದು, 5 ಸೆಕೆಂಡು ಕಾದು, ತಾನಾಗಿ ಮೇಲೆ ಬರುತ್ತದೆ. ಯಾವ ಮೆಟ್ಟಿಲಿನಿಂದ ವಾಪಸ್ ಬರಲಿಲ್ಲವೋ ದೋಷ ಅಲ್ಲಿದೆ. ಐದೂ ದಾಟಿ, ನಿಜವಾದ ನಿದ್ದೆಯಲ್ಲಿ ಮಾತ್ರ ಕೈಕೊಟ್ಟರೆ ನನ್ನ ಅನುಮಾನ ಬಯಾಸ್, ಅಂದರೆ ಮದರ್‌ಬೋರ್ಡಿನ ಫರ್ಮ್‌ವೇರ್ ಮೇಲೆ ಹೋಗುತ್ತದೆ.

ನಮ್ಮಲ್ಲಿ ಒಂದು ಮಾಡೆಲ್ ಫ್ರೀಜರ್ ದಾಟಿ ಡಿವೈಸಸ್‌ನಲ್ಲಿ ನಿಂತುಬಿಡುತ್ತಿತ್ತು. ಹಾಗಾದರೆ ಯಾವುದೋ ಡ್ರೈವರ್. ಡ್ರೈವರ್ ಮಾಡ್ಯೂಲುಗಳನ್ನು ಒಂದೊಂದಾಗಿ ತೆಗೆದು ಅದೇ ಪರೀಕ್ಷೆ ಮಾಡಿದಾಗ ವೈಫೈ ಸಿಕ್ಕಿಬಿತ್ತು. ಮಲಗುವ ಮುಂಚೆ ಆ ಮಾಡ್ಯೂಲ್ ತೆಗೆದು, ಎದ್ದ ಮೇಲೆ ಮತ್ತೆ ಹಾಕುವ ಪುಟ್ಟ ಸ್ಕ್ರಿಪ್ಟನ್ನು ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಪ್ರೋಗ್ರಾಮು) ಸಿಸ್ಟಮ್-ಸ್ಲೀಪ್ ಫೋಲ್ಡರಿನಲ್ಲಿ ಇಟ್ಟೆವು. ಗ್ರಬ್ ಮುಟ್ಟಲೇ ಇಲ್ಲ.

ಹೀಗೂ ಸಿಗದಿದ್ದರೆ ಪಿಎಂ ಟ್ರೇಸ್ ಇದೆ. ಎಲ್ಲಿ ತನಕ ಬಂದೆ ಎಂಬ ಗುರುತನ್ನು ಅದು ಮದರ್‌ಬೋರ್ಡಿನ ಗಡಿಯಾರದೊಳಗೇ ಬರೆದಿಡುತ್ತದೆ, ಏಕೆಂದರೆ ರೀಬೂಟ್ ಆದರೂ ಉಳಿಯುವ ಜಾಗ ಅದು. ತಕ್ಷಣ ರೀಬೂಟ್ ಮಾಡಿ ಡಿಮೆಸೇಜ್ (ಕರ್ನಲ್ ಲಾಗ್) ನೋಡಬೇಕು. ದಿನಾಂಕ, ಸಮಯ ಕೆಟ್ಟಿರುತ್ತದೆ. ಗಾಬರಿ ಬೇಡ, ಮತ್ತೆ ಸರಿಮಾಡಿಕೊಳ್ಳಿ.

ಬ್ಯಾಗಿನಲ್ಲೇ ಬಿಸಿಯಾಗಿ ಬ್ಯಾಟರಿ ಖಾಲಿಯಾಗುವ ದೂರು ಬೇರೆ ಜಾತಿಯದು. ಯಾವ ಬಗೆಯ ನಿದ್ದೆ ಎಂದು ಹೇಳುವ ಮೆಮ್ ಸ್ಲೀಪ್ ಫೈಲ್ ತೆರೆದು, ಕಂಸದೊಳಗೆ ಇರುವುದು ಎಸ್2ಐಡಲ್ಲೋ (ಹಗುರ ನಿದ್ದೆ) ಡೀಪೋ (ಎಸ್3 ಎಂಬ ಆಳ ನಿದ್ದೆ) ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕಕ್ಕೆ ಫರ್ಮ್‌ವೇರ್‌ನಲ್ಲೇ ಎಸ್3 ಇಲ್ಲ. ಅಂಥ ಕಡೆ ಡೀಪ್ ಎಂದು ಒತ್ತಾಯಿಸಿ ಪ್ರಯೋಜನವಿಲ್ಲ.

ಈಗ ಹೊಸ ಮಾಡೆಲ್ ಖರೀದಿಗೆ ಮುಂಚೆ ಒಂದು ಸ್ಯಾಂಪಲ್ ತರಿಸಿ, ಮಲಗಿಸಿ ನಿಗದಿತ ಸಮಯಕ್ಕೆ ಎಬ್ಬಿಸುವ ಆರ್‌ಟಿಸಿವೇಕ್ ಕಮಾಂಡನ್ನು ಲೂಪಿನಲ್ಲಿ ಹಾಕಿ ರಾತ್ರಿಯಿಡೀ ಮಲಗಿಸಿ ಎಬ್ಬಿಸುತ್ತೇವೆ. ವೈಫೈ, ಹೊರಗಿನ ಮಾನಿಟರ್, ಯುಎಸ್‌ಬಿ ಡಾಕ್ ಎಲ್ಲ ಜೋಡಿಸಿದ ಸ್ಥಿತಿಯಲ್ಲೇ. ಬೆಳಿಗ್ಗೆ ಲಾಗ್ ಓದಿದ ಮೇಲೆಯೇ ಆರ್ಡರ್‌ಗೆ ಸಹಿ.