ಹೊರದೇಶದಲ್ಲಿ ಚರ್ಚ್ ಕಟ್ಟುವವರು ತಗಡಿನಿಂದ ಲೆಕ್ಕ ಶುರುಮಾಡಲಿ

ಹೊರದೇಶಕ್ಕೆ ಹೋಗಿ ಚರ್ಚ್ ಕಟ್ಟಿಕೊಡುವ ಮಿಷನ್ ತಂಡಗಳ ಮೊದಲ ಮೀಟಿಂಗಿನಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆ ಒಂದೇ: ಒಟ್ಟು ಎಷ್ಟು ಖರ್ಚಾಗುತ್ತೆ? ಅದಕ್ಕೂ ಮುಂಚೆ ಕೇಳಬೇಕಾದದ್ದು ಬೇರೆ ಇದೆ. ಕಟ್ಟಿ ಆರು ವರ್ಷವಾದ ಮೇಲೆ ಗಾಳಿಗೆ ಛಾವಣಿಯ ಎರಡು ತಗಡು ಹಾರಿಹೋದರೆ ಹೊಸ ತಗಡು ಎಲ್ಲಿ ಸಿಗುತ್ತೆ, ಏಣಿ ಹತ್ತಿ ಹಾಕುವವರು ಯಾರು, ದುಡ್ಡು ಯಾರ ಕೈಯಿಂದ ಹೊರಡುತ್ತೆ? ಈ ಮೂರಕ್ಕೂ ಆ ಊರಿನ ಸಭೆಯಲ್ಲೇ, ಅಂದರೆ ಅಲ್ಲಿನ ವಿಶ್ವಾಸಿಗಳ ಬಳಗದಲ್ಲೇ, ಉತ್ತರ ಸಿಗದಿದ್ದರೆ ನಕ್ಷೆಯನ್ನೇ ಬದಲಾಯಿಸಬೇಕು.

ಚರ್ಚಿನ ಕಟ್ಟಡಗಳು ಕೈಕೊಡುವುದು ಹೆಚ್ಚಾಗಿ ತಲೆಯ ಮೇಲಿನಿಂದಲೇ. ಉಗಾಂಡಾದ ಕಂಪಾಲಾದಲ್ಲಿರುವ ನಮಿರೆಂಬೆ ಕ್ಯಾಥೆಡ್ರಲ್ ನೋಡಿ. ಈಗ ನಿಂತಿರುವುದು ಅಲ್ಲಿನ ಐದನೆಯ ಕಟ್ಟಡ. ಒಂದರ ಛಾವಣಿ 1894ರ ಬಿರುಗಾಳಿಗೆ ಹಾರಿತು. ಅದರ ನಂತರದ್ದರ ಹುಲ್ಲುಮಾಡಿಗೆ ಗೆದ್ದಲಿನ ಭಯ ಹತ್ತಿ ಜನರೇ ಬಿಚ್ಚಿಹಾಕಿದರು. ಇಟ್ಟಿಗೆ ಗೋಡೆಯ ಇನ್ನೊಂದು 1910ರಲ್ಲಿ ಸಿಡಿಲಿಗೆ ಸುಟ್ಟುಹೋಯಿತು. 1919ರಲ್ಲಿ ಮುಗಿದ ಈಗಿನ ಕಟ್ಟಡಕ್ಕೆ ಸುಟ್ಟ ಇಟ್ಟಿಗೆ, ಮೇಲೆ ಮಣ್ಣಿನ ಹೆಂಚು. ಗಾಳಿ, ಗೆದ್ದಲು, ಸಿಡಿಲು: ನೂರು ವರ್ಷ ಕಳೆದರೂ ಕಟ್ಟುವವರ ಎದುರು ನಿಂತಿರುವುದು ಇವೇ.

ಆದ್ದರಿಂದ ಲೆಕ್ಕ ಮೇಲಿನಿಂದ ಕೆಳಗೆ ಇಳಿಯಲಿ. ತಗಡಿನ ದಪ್ಪ ಪರ್ಲಿನ್‌ಗಳ (ತಗಡು ಹೊರುವ ಅಡ್ಡಪಟ್ಟಿಗಳ) ಅಂತರವನ್ನು ಹೇಳುತ್ತದೆ, ಪರ್ಲಿನ್ ಟ್ರಸ್‌ಗಳ (ಅವನ್ನು ಹೊರುವ ತ್ರಿಕೋನ ಚೌಕಟ್ಟುಗಳ) ಅಂತರವನ್ನು, ಟ್ರಸ್ ಕಂಬದ ಜಾಗವನ್ನು, ಕಂಬ ಪಾಯವನ್ನು. ಪಾಯ ತೋಡಿ, ಗೋಡೆ ಎಬ್ಬಿಸಿ, ಆಮೇಲೆ ಛಾವಣಿಯ ಯೋಚನೆಗೆ ಕೂತರೆ ಟ್ರಸ್ ಬಂದು ಕೂರುವ ಕಡೆ ಕಿಟಕಿ ಇರುತ್ತದೆ.

ಒಳಗೆ 8 ಮೀಟರ್ ಅಗಲ, 15 ಮೀಟರ್ ಉದ್ದದ ಹಾಲ್ ತೆಗೆದುಕೊಳ್ಳೋಣ. ವೇದಿಕೆಗೆ 3 ಮೀಟರ್ ಬಿಟ್ಟು, ನಡುವೆ 1.4 ಮೀಟರ್ ಓಡಾಡುವ ದಾರಿ ಇಟ್ಟು, ಬೆಂಚಿನ ಸಾಲುಗಳನ್ನು 90 ಸೆಂ.ಮೀ.ಗೊಂದರಂತೆ, ತಲೆಗೆ 50 ಸೆಂ.ಮೀ. ಲೆಕ್ಕದಲ್ಲಿ ಹಾಕಿದರೆ ಸುಮಾರು 150 ಜನ ಕೂರಬಹುದು. ಇದಕ್ಕಿಂತ ಅಗಲ ಬೇಕೆಂದರೆ ಟ್ರಸ್ ಏಕಾಏಕಿ ಭಾರವಾಗುತ್ತದೆ, ಎತ್ತಲು ಕ್ರೇನ್ ಬೇಕಾಗುತ್ತದೆ. ಸಭೆ ಬೆಳೆದರೆ ಉದ್ದಕ್ಕೆ ಇನ್ನೊಂದು ಅಂಕಣ ಸೇರಿಸಬಹುದು, ಅಗಲಕ್ಕೆ ಸೇರಿಸಲಾಗದು. ಹಾಗಾಗಿ ಹಿಂದಿನ ಗೋಡೆಯಾಚೆ ಒಂದಷ್ಟು ಜಾಗ ಖಾಲಿ ಬಿಟ್ಟಿರಿ.

ಈ ಅಳತೆಗೆ 3 ಮೀಟರ್‌ಗೊಂದು ಟ್ರಸ್ ಎಂದರೆ 6 ಟ್ರಸ್, 12 ಕಂಬ. ಇಳಿಜಾರು 20 ಡಿಗ್ರಿ, ಪಕ್ಕಕ್ಕೆ 60 ಸೆಂ.ಮೀ. ಸೂರು ಚಾಚಿಸಿದರೆ ಗೋಡೆಯ ದಪ್ಪವೂ ಸೇರಿ ಒಂದು ಬದಿಯ ಇಳಿಜಾರಿನ ಉದ್ದ 5.1 ಮೀಟರ್ ಆಗುತ್ತದೆ. ಬದಿಗೆ 7 ಪರ್ಲಿನ್, ಒಟ್ಟು ಸುಮಾರು 230 ಮೀಟರ್ ಉದ್ದ. ತಗಡು 170 ಚದರ ಮೀಟರ್, ಸ್ಕ್ರೂ 1,300 ಹತ್ತಿರ.

ತಗಡಿನ ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು ಎಂಬುದನ್ನು ದುಡ್ಡು ಕಳಿಸುವ ಸಮಿತಿಗೆ ಬಿಡಿಸಿ ಹೇಳಿ. 28 ಗೇಜ್ ಹೆಚ್ಚುಕಡಿಮೆ 0.4 ಮಿ.ಮೀ., 30 ಗೇಜ್ 0.3ರ ಆಸುಪಾಸು. ಕೊಟೇಶನ್ನಿನಲ್ಲಿ 32 ಕಂಡು "ಇದು ದೊಡ್ಡದು" ಎಂದು ಒಪ್ಪಿಗೆ ಕೊಟ್ಟರೆ, ರಿಪೇರಿಗೆ ಹತ್ತಿದವನ ಕಾಲಡಿ ತಗಡು ಮಡಚಿಕೊಳ್ಳುತ್ತದೆ. ಇನ್ನೊಂದು ವಿಷಯ ತಗಡಿನ ಅಲೆಯ ಆಕಾರ. ಹೊರಗಿನಿಂದ ತಂದ ತಗಡಿನ ಅಲೆಗೂ ಹತ್ತಿರದ ಪೇಟೆಯಲ್ಲಿ ಸಿಗುವ ತಗಡಿನ ಅಲೆಗೂ ಹೊಂದದಿದ್ದರೆ ಒಂದರ ಮೇಲೊಂದು ಕೂರುವುದಿಲ್ಲ. ಮುಂದೆ ಒಂದೇ ಒಂದು ತಗಡು ಹಾಳಾದರೂ ಆ ಬದಿಯನ್ನೇ ಬಿಚ್ಚುವ ಪರಿಸ್ಥಿತಿ ಬರುತ್ತದೆ. ಪೇಟೆಗೆ ಹೋಗಿ ಮೊದಲು ಅಂಗಡಿಯ ತಗಡು ನೋಡಿ, ಆಮೇಲೆ ನಕ್ಷೆ ಬರೆಯಿರಿ.

ಸ್ಕ್ರೂ ಹೊಡೆಯುವ ಜಾಗ ಅಲೆಯ ಉಬ್ಬಿನ ಮೇಲೆ. ತಗ್ಗಿನಲ್ಲಿ ಹೊಡೆದರೆ ಮಳೆನೀರು ಹರಿಯುವ ಕಾಲುವೆಗೇ ತೂತು ಕೊರೆದಂತೆ. ರಬ್ಬರ್ ವಾಷರ್ ಸ್ಕ್ರೂ ತಲೆಯ ಸುತ್ತ ಒಂಚೂರು ಉಬ್ಬಿ ಕಂಡಾಗ ಕೈ ನಿಲ್ಲಿಸಬೇಕು. ಡ್ರಿಲ್ ಮೆಷಿನ್ ಹಿಡಿದ ಹೊಸಬರು ಗಿರ್ರನೆ ಬಿಗಿಯುತ್ತಲೇ ಹೋಗುತ್ತಾರೆ. ವಾಷರ್ ಹಿಸುಕಿ ಪಕ್ಕಕ್ಕೆ ಜಾರುತ್ತದೆ, ಎರಡು ಬೇಸಿಗೆಯಲ್ಲಿ ಒಡೆಯುತ್ತದೆ, ಮೂರನೆಯ ಮಳೆಗಾಲಕ್ಕೆ ಬೆಂಚಿನ ಮೇಲೆ ಹನಿ ಬೀಳುತ್ತದೆ. ಸೂರಿನ ಅಂಚು, ಮೇಲಿನ ಏಣು, ಎರಡು ತುದಿ ಇಲ್ಲೆಲ್ಲ ಪ್ರತಿ ಉಬ್ಬಿಗೂ ಸ್ಕ್ರೂ ಬೇಕು. ಗಾಳಿ ಮೊದಲು ಬೆರಳಿಟ್ಟು ಎತ್ತುವುದು ಅಲ್ಲಿಂದಲೇ.

ಗಾಳಿ ಛಾವಣಿಯನ್ನು ಒತ್ತುವುದಕ್ಕಿಂತ ಮೇಲಕ್ಕೆ ಹೀರುವುದೇ ಹೆಚ್ಚು. ಬಾಗಿಲು ಕಿಟಕಿ ಇನ್ನೂ ಕೂರಿಸದ, ಅರ್ಧ ಗೋಡೆಯ ಕಟ್ಟಡದಲ್ಲಿ ಒಳನುಗ್ಗಿದ ಗಾಳಿಯೂ ಕೆಳಗಿನಿಂದ ನೂಕುತ್ತದೆ. ಕಟ್ಟಡಕ್ಕೆ ಅತಿ ಅಪಾಯದ ತಿಂಗಳುಗಳು ಅವೇ. ಆದ್ದರಿಂದ ತಗಡು ಪರ್ಲಿನ್‌ಗೆ, ಪರ್ಲಿನ್ ಟ್ರಸ್‌ಗೆ, ಟ್ರಸ್ ಗೋಡೆಯ ನೆತ್ತಿಯಲ್ಲಿ ಸುತ್ತ ಹೋಗುವ ಕಾಂಕ್ರೀಟ್ ರಿಂಗ್ ಬೀಮಿಗೆ, ಬೀಮ್ ಕಂಬದ ಮೂಲಕ ಪಾಯಕ್ಕೆ, ಹೀಗೆ ಹಿಡಿತ ಎಲ್ಲೂ ತಪ್ಪಬಾರದು. ಬೀಮಿಗೆ ಕಾಂಕ್ರೀಟ್ ಹಾಕುವಾಗಲೇ ಟ್ರಸ್ ಬರುವ ಕಡೆ ಆಂಕರ್ ಬೋಲ್ಟ್ ಹುದುಗಿಸಿ. ಮರೆತರೆ ಆಮೇಲೆ ಬೈಂಡಿಂಗ್ ತಂತಿ ಸುತ್ತಿ ಸಮಾಧಾನ ಪಡುವವರು ಬಹಳ. ಅಂಥ ಛಾವಣಿ ದೊಡ್ಡ ಗಾಳಿ ಬೀಸುವವರೆಗೆ ಮಾತ್ರ ಛಾವಣಿ. ಚಂಡಮಾರುತದ ಸೀಮೆಯಲ್ಲಿ ಇಳಿಜಾರು 25–30 ಡಿಗ್ರಿಗೆ ಏರಿಸಿ, ಸೂರಿನ ಚಾಚನ್ನು 30 ಸೆಂ.ಮೀ.ಗೆ ಇಳಿಸಿ.

ಬರಿಯ ತಗಡಿನಡಿ ಜೋರುಮಳೆಗೆ ಪಾಸ್ಟರ ಉಪದೇಶ ಕೇಳುವುದಿಲ್ಲ. ಇದನ್ನು ಸ್ಪೀಕರಿನಿಂದ ಗೆಲ್ಲಲು ಹೋಗಬೇಡಿ. ಆ ಊರಲ್ಲೇ ಹೆಣೆಯುವ ಚಾಪೆಯನ್ನು ಪರ್ಲಿನ್ ಕೆಳಗೆ ಕಟ್ಟಿದರೂ ಸದ್ದೂ ಸೆಕೆಯೂ ಇಳಿಯುತ್ತವೆ.

ಇನ್ನು ಗೋಡೆ. 40×20 ಸೆಂ.ಮೀ. ಮುಖದ ಬ್ಲಾಕ್ ಚದರ ಮೀಟರಿಗೆ ಹನ್ನೆರಡೂವರೆ. ನಮ್ಮ ಹಾಲಿಗೆ ಬಾಗಿಲು ಕಿಟಕಿ ಕಳೆದು, ಒಡೆಯುವುದನ್ನು ಸೇರಿಸಿ ಸುಮಾರು 1,450. ಒಂದು ಮೂಟೆ ಸಿಮೆಂಟಿನಲ್ಲಿ ಎಷ್ಟು ಬ್ಲಾಕ್ ಎಳೆದಿದ್ದಾರೆ ಎಂಬುದರಲ್ಲೇ ಗುಣ ಅಡಗಿರುತ್ತದೆ. ಕೊಳ್ಳುವ ಮುಂಚೆ ರಾಶಿಯಿಂದ ನೀವೇ ಆರಿಸಿ ನಾಲ್ಕೈದನ್ನು ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಮೂಲೆ ಮುಕ್ಕಾದರೆ ಪರವಾಗಿಲ್ಲ, ಪುಡಿಯಾದರೆ ಆ ರಾಶಿ ಬೇಡ. ಮೊದಲು ಬ್ಲಾಕ್ ಗೋಡೆ ಎಬ್ಬಿಸಿ, ಕಂಬದ ಕಡೆ ಹಲ್ಲುಹಲ್ಲಾಗಿ ಬಿಟ್ಟು, ಆಮೇಲೆ ಕಂಬಕ್ಕೆ ಕಾಂಕ್ರೀಟ್ ತುಂಬಿದರೆ ಗೋಡೆ ಕಂಬ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಭೂಕಂಪದ ನಾಡಿನಲ್ಲಿ ಇದೇ ಕ್ರಮ.

ಅಂಥ ನಾಡಿನಲ್ಲಿ ಮುಂದಿನ ತ್ರಿಕೋನ ಗೋಡೆಯನ್ನು ಬ್ಲಾಕಿನಲ್ಲಿ ಕಟ್ಟಲೇಬೇಡಿ. ನೋಡಲು ಅಂದ, ಅದರ ಮೇಲೆಯೇ ಶಿಲುಬೆ ಕೂರಿಸುವ ಆಸೆ, ಆದರೆ ನೆಲ ಅಲುಗಿದರೆ ಮೊದಲು ಬೀಳುವುದು ಅದು, ಬೀಳುವುದೂ ಬಾಗಿಲಿನಿಂದ ಓಡಿಬರುವವರ ಮೇಲೆ. ತಗಡು ಅಥವಾ ಹಲಗೆ ಸಾಕು. ನೇಪಾಳದಲ್ಲಿ ವಾರದ ಆರಾಧನೆ ಶನಿವಾರ. 2015ರ ಏಪ್ರಿಲ್ 25ರ ಭೂಕಂಪ ಶನಿವಾರವೇ, ಜನ ಚರ್ಚಿನೊಳಗಿದ್ದಾಗಲೇ ಬಂತು. ಚರ್ಚ್ ವಾರವೆಲ್ಲ ಖಾಲಿ, ಒಂದು ಹೊತ್ತು ಮಾತ್ರ ಕಿಕ್ಕಿರಿದ ಕಟ್ಟಡ. ಆ ಒಂದು ಹೊತ್ತನ್ನು ನೆನೆದೇ ಕಟ್ಟಬೇಕು. ಎರಡು ಬಾಗಿಲು ಇರಲಿ, ಎರಡೂ ಹೊರಕ್ಕೆ ತೆರೆಯಲಿ.

ರಿಂಗ್ ಬೀಮ್ 20×20 ಸೆಂ.ಮೀ., ಸುತ್ತಳತೆ 47 ಮೀಟರ್: ಕಾಂಕ್ರೀಟ್ 1.9 ಘನ ಮೀಟರ್, 1:2:4 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣಕ್ಕೆ 12–13 ಮೂಟೆ ಸಿಮೆಂಟ್. 12 ಮಿ.ಮೀ. ಸರಳು ನಾಲ್ಕು ಸಾಲು. ಜೋಡಣೆಯಲ್ಲಿ 60 ಸೆಂ.ಮೀ. ಒಂದರ ಮೇಲೊಂದು ಬರಬೇಕು, ಮೂಲೆಗಳಲ್ಲಿ ಸರಳು ಬಾಗಿ ತಿರುಗಬೇಕು. 12 ಮೀಟರಿನ ಸರಳು ಸುಮಾರು 20 ಹಿಡಿಯುತ್ತದೆ. ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳು 20 ಸೆಂ.ಮೀ.ಗೊಂದು. ಮೂಟೆಗೆ 25 ಲೀಟರ್ ನೀರು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಬಾಂಡ್ಲಿ ಹೊತ್ತು ಕೈಯಿಂದ ಕೈಗೆ ದಾಟಿಸುವವರಿಗೆ ತೆಳು ಕಾಂಕ್ರೀಟೇ ಇಷ್ಟ, ಅದಕ್ಕೇ ಸಂಜೆ ಹೊತ್ತಿಗೆ ಬಕೆಟ್ ಲೆಕ್ಕ ತಪ್ಪುತ್ತದೆ. ಒಬ್ಬರನ್ನು ನೀರಿನ ಹತ್ತಿರವೇ ನಿಲ್ಲಿಸಿ. ಸಮುದ್ರದ ಮರಳು ಅಗ್ಗವೆಂದು ತಂದರೆ ಉಪ್ಪು ಒಳಗೇ ಸರಳನ್ನು ತಿನ್ನುತ್ತದೆ. ಏಳು ದಿನ ನೀರುಣಿಸಲು ಆ ಊರಿನವರಿಗೇ ಕೂಲಿ ಗೊತ್ತುಮಾಡಿ, ಯಾಕೆಂದರೆ ತಂಡ ಅಷ್ಟರೊಳಗೆ ವಿಮಾನ ಹತ್ತಿರುತ್ತದೆ. ಪಾಯ ಗಟ್ಟಿನೆಲದಲ್ಲಿ 60 ಸೆಂ.ಮೀ. ಅಗಲ, ಅಷ್ಟೇ ಆಳ ನಡೆಯುತ್ತದೆ. ಎರೆಮಣ್ಣಿದ್ದರೆ ಅದನ್ನು ದಾಟಿ ಗಟ್ಟಿ ಪದರ ಸಿಗುವವರೆಗೆ ಇಳಿಯಬೇಕು, ಇಲ್ಲವೇ ಜಾಗ ಬದಲಿಸಬೇಕು. ಸೆಂಟ್ರಿಂಗ್ ಹಲಗೆಯ ಒಂದು ತುಂಡನ್ನೂ ಪಾಯದಲ್ಲಿ ಬಿಡಬೇಡಿ, ಗೆದ್ದಲಿಗೆ ಅದೇ ಆಹ್ವಾನ.

ಜಮೀನಿನ ಕಾಗದ ಇದಕ್ಕೆಲ್ಲ ಮುಂಚಿನದು. ತಾಂಜಾನಿಯಾದಲ್ಲಿ ಭೂಮಿಯೆಲ್ಲ ರಾಷ್ಟ್ರಾಧ್ಯಕ್ಷರ ವಶದಲ್ಲಿರುವ ಸಾರ್ವಜನಿಕ ಆಸ್ತಿ, ಮೊಜಾಂಬಿಕ್‌ನಲ್ಲಿ ಸರ್ಕಾರದ್ದು. ಜನರಿಗಿರುವುದು ಬಳಕೆಯ ಹಕ್ಕು. ಉಗಾಂಡಾದಲ್ಲಿ ವಿದೇಶಿಯರಿಗೆ ಗುತ್ತಿಗೆ ಮಾತ್ರ, ಗರಿಷ್ಠ 99 ವರ್ಷ. ಎಲ್ಲಿಯಾದರೂ ಸರಿ, ಕಾಗದ ಅಲ್ಲಿ ನೋಂದಣಿಯಾದ ಸಭೆಯ ಅಥವಾ ಅದರ ಟ್ರಸ್ಟಿನ ಹೆಸರಿಗಿರಲಿ. ಪಾಸ್ಟರ ಸ್ವಂತ ಹೆಸರಿಗೆ ಮಾಡಿದರೆ ಅವರ ಕಾಲಾನಂತರ ಮಕ್ಕಳು ಪಾಲು ಕೇಳುತ್ತಾರೆ, ಕೇಳಿದರೆ ತಪ್ಪೂ ಅಲ್ಲ.

ಕಟ್ಟಡದ ನಿಯಮವೂ ಬಿಗಿಯಾಗುತ್ತಿದೆ. ರುವಾಂಡಾದಲ್ಲಿ 2018ರಲ್ಲಿ ಕಿಗಾಲಿಯೊಂದರಲ್ಲೇ ಸುಮಾರು 700 ಚರ್ಚುಗಳಿಗೆ ಬೀಗ ಬಿತ್ತು, 2024ರಲ್ಲಿ ದೇಶದಾದ್ಯಂತ 5,000ಕ್ಕೂ ಹೆಚ್ಚು ಪ್ರಾರ್ಥನಾ ಸ್ಥಳಗಳಿಗೆ. ಶೌಚಾಲಯ, ಸದ್ದು, ಸುರಕ್ಷತೆ ಕಾರಣಗಳ ಪಟ್ಟಿಯಲ್ಲಿದ್ದವು. ಅಲ್ಲಿನ ನ್ಯಾರುಗುರುವಿನಲ್ಲಿ 2018ರ ಮಾರ್ಚಿನಲ್ಲಿ ಚರ್ಚಿಗೆ ಸಿಡಿಲು ಬಡಿದು 16 ಜನ ಸತ್ತಿದ್ದರು. ಮಿಂಚುವಾಹಕ, ಎರಡು ಶೌಚಾಲಯ, ಇವನ್ನು "ಆಮೇಲೆ" ಎಂಬ ಪಟ್ಟಿಗೆ ತಳ್ಳದೆ ಮೊದಲ ಬಜೆಟ್‌ಗೇ ಸೇರಿಸಿ.

ಸಾಮಾನು ಕಂಟೇನರಿನಲ್ಲಿ ಕಳಿಸುವ ಹುಮ್ಮಸ್ಸು ಕೆಲವರಿಗೆ. 20 ಅಡಿ ಕಂಟೇನರಿನ ಒಳ ಉದ್ದ 5.9 ಮೀಟರ್, 6 ಮೀಟರಿನ ಪೈಪ್ ಹಿಡಿಸುವುದಿಲ್ಲ. ಬಂದರಿನಲ್ಲಿ ನಿಂತು ಪೈಪ್ ಕತ್ತರಿಸಿದವರಿದ್ದಾರೆ. ಪ್ಯಾಕಿಂಗ್ ಮರಕ್ಕೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮುದ್ರೆ ಇರಬೇಕು. ಸುಂಕ ವಿನಾಯಿತಿಯ ಪತ್ರ ಹಡಗು ತಲಪುವ ಮುಂಚೆಯೇ ಕೈಯಲ್ಲಿರಬೇಕು, ಇಲ್ಲದಿದ್ದರೆ ಉಚಿತ ದಿನಗಳು ಮುಗಿದ ಮೇಲೆ ದಿನಬಾಡಿಗೆ ಏರುತ್ತಾ ಸಾಮಾನಿನ ಬೆಲೆಯನ್ನೇ ಮೀರುತ್ತದೆ. ಅಮೆರಿಕದ 120 ವೋಲ್ಟಿನ ಯಂತ್ರವನ್ನು 230 ವೋಲ್ಟಿಗೆ ಚುಚ್ಚಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ನನ್ನ ಪ್ರಕಾರ ಹೊರಗಿನಿಂದ ತರಲು ಯೋಗ್ಯವಾದದ್ದು ಒಳ್ಳೆಯ ರಸಮಟ್ಟ, ಅಳತೆಪಟ್ಟಿ, ಡ್ರಿಲ್ ಬಿಟ್‌ಗಳು, ಅಷ್ಟೇ.

ದುಡ್ಡಿನ ವಿಚಾರದಲ್ಲಿ ಹಳೆಯ ಮಿಷನ್ ನಾಯಕರು ನಮಗಿಂತ ಗಟ್ಟಿಗರು. ಮಿಷನ್ ಸಂಸ್ಥೆಗಳ ಕಾರ್ಯದರ್ಶಿಗಳಾಗಿದ್ದ ಹೆನ್ರಿ ವೆನ್, ರೂಫಸ್ ಆಂಡರ್ಸನ್ 19ನೇ ಶತಮಾನದಲ್ಲೇ ಸಭೆ ತನ್ನ ಕಾಲ ಮೇಲೆ ನಿಲ್ಲಬೇಕೆಂದು ಹಟ ಹಿಡಿದರು. ಚೀನಾದಲ್ಲಿ ದುಡಿದ ಜಾನ್ ನೀವಿಯಸ್ 1890ರಲ್ಲಿ ಕೊರಿಯಾಕ್ಕೆ ಹೋಗಿ ಅಲ್ಲಿನ ಮಿಷನರಿಗಳಿಗೆ ಹೇಳಿಕೊಟ್ಟದ್ದರಲ್ಲಿ ಒಂದು, ಚರ್ಚನ್ನು ಆಯಾ ಊರಿನ ವಿಶ್ವಾಸಿಗಳೇ ತಮ್ಮ ದುಡ್ಡಿನಲ್ಲಿ, ತಮ್ಮ ನಾಡಿನ ರೀತಿಯಲ್ಲಿ ಕಟ್ಟಿಕೊಳ್ಳಲಿ ಎಂಬುದು. ಪೂರ್ತಿ ಹಾಗೆ ಆಗದ ಕಡೆ ಹಂಚಿಕೊಳ್ಳುವುದುಂಟು: ಪಾಯ, ಗೋಡೆ ಸಭೆಯದು, ಛಾವಣಿ ಹೊರಗಿನವರದು. ಮರನಾಥ ವಾಲಂಟಿಯರ್ಸ್ ಇಂಟರ್‌ನ್ಯಾಷನಲ್‌ನ 'ಒನ್ ಡೇ ಚರ್ಚ್' ಯೋಜನೆ ಈ ಕ್ರಮವನ್ನು ತಿರುಗಿಸಿದೆ. ಉಕ್ಕಿನ ಚೌಕಟ್ಟು, ಛಾವಣಿ ಒಂದೇ ದಿನದಲ್ಲಿ ನಿಲ್ಲುತ್ತವೆ, ಗೋಡೆಯನ್ನು ಸಭೆ ತನಗೆ ಸಿಗುವ ಸಾಮಾನಿನಲ್ಲಿ ಮುಗಿಸಿಕೊಳ್ಳುತ್ತದೆ.

ಹಣವನ್ನು ಹಂತಹಂತವಾಗಿ ಕಳಿಸಿ: ಪಾಯ ಮುಗಿದ ಫೋಟೊ ಬಂದ ಮೇಲೆ ಗೋಡೆಯದು, ರಿಂಗ್ ಬೀಮ್ ಮುಗಿದ ಮೇಲೆ ಟ್ರಸ್ಸಿನದು. ಬೆಲೆ ಏರುತ್ತದೆಂದು ಸಿಮೆಂಟನ್ನು ಒಟ್ಟಿಗೇ ಕೊಂಡಿಡಬೇಡಿ. ಮೂರು ತಿಂಗಳಾಚೆಗೆ ಬಲ ಕುಗ್ಗುತ್ತದೆ, ನೆಲಕ್ಕೆ ತಾಗಿಸಿಟ್ಟ ಮೂಟೆ ಮಳೆಗಾಲದಲ್ಲಿ ಕಲ್ಲಾಗುತ್ತದೆ. ಸರಳು, ತಗಡು ಕೊಂಡಿಡಿ, ಅವು ಕಾಯುತ್ತವೆ.

ಎರಡು ವಾರಕ್ಕೆ ಬರುವ ಸ್ವಯಂಸೇವಕರಿಗೆ ಬ್ಲಾಕ್ ಕಟ್ಟುವ ಕೆಲಸ ಕೊಡಬೇಡಿ. ಆ ಊರಿನ ಮೇಸ್ತ್ರಿಯ ಸಾಲು ತೂಗುಗುಂಡಿಗೆ ಸರಿಯಾಗಿ ಬರುತ್ತದೆ, ಅವರ ಕೂಲಿಯೂ ಕೈತಪ್ಪುವುದಿಲ್ಲ. ಬಂದವರು ಬ್ಲಾಕ್ ಹೊರಲಿ, ಬಣ್ಣ ಹೊಡೆಯಲಿ, ಬೆಂಚು ಮಾಡಲಿ. ಮಲಾವಿಯ ಬ್ಲಾಂಟೈರ್‌ನ ಸಂತ ಮೈಕೆಲ್ ಚರ್ಚನ್ನು 1888–1891ರಲ್ಲಿ ಕಟ್ಟಿಸಿದ ಡೇವಿಡ್ ಕ್ಲೆಮೆಂಟ್ ಸ್ಕಾಟ್ ವಾಸ್ತುಶಿಲ್ಪ ಓದಿದವರಲ್ಲ. ಅಲ್ಲಿನ ಮಣ್ಣಿನಲ್ಲೇ ಇಟ್ಟಿಗೆ ಸುಡಿಸಿ, ಅಲ್ಲಿನವರ ಕೈಯಿಂದಲೇ ಕಟ್ಟಿಸಿದರು, ಇಂದಿಗೂ ನಿಂತಿದೆ. ಹಾಗೆಂದು ಉಸ್ತುವಾರಿ ಬೇಡವೆಂದಲ್ಲ: ಜಂಜಿಬಾರಿನ ಕ್ಯಾಥೆಡ್ರಲ್‌ನಲ್ಲಿ ಬಿಷಪ್ ಸ್ಟೀರ್ ಊರಲ್ಲಿಲ್ಲದಾಗ ಕಂಬಗಳನ್ನು ತಲೆಕೆಳಗಾಗಿ ನಿಲ್ಲಿಸಿದರಂತೆ, ನೋಡಲು ಹೋದವರಿಗೆ ಈಗಲೂ ತೋರಿಸುತ್ತಾರೆ.

ಹಸ್ತಾಂತರದ ದಿನ ಸಭೆಯ ಹಿರಿಯರ ಕೈಗೆ ಬೀಗದ ಜತೆ ನಾಲ್ಕೈದು ಹೆಚ್ಚುವರಿ ತಗಡು, ಇನ್ನೂರು ಸ್ಕ್ರೂ, ಅದಕ್ಕೆ ಸರಿಹೊಂದುವ ಬಿಟ್, ಒಂದು ಗಟ್ಟಿ ಏಣಿ ಕೊಡಿ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಛಾವಣಿ ಹತ್ತಿ ಸಡಿಲಾದ ಸ್ಕ್ರೂ ಬಿಗಿಯಲು ಇಬ್ಬರನ್ನು ಗೊತ್ತುಮಾಡಿ, ಅವರು ಹಾಗೆ ಹತ್ತಿ ಇಳಿಯುವುದನ್ನು ತಂಡ ಹೊರಡುವ ಮುಂಚೆ ಒಮ್ಮೆ ನೋಡಿಬಿಡಿ. ಸೂರಿಗೆ ಮಳೆನೀರಿನ ದೋಣಿ ಕಟ್ಟಿ ಟ್ಯಾಂಕ್ ಇಟ್ಟಿದ್ದರೆ 20 ಮಿ.ಮೀ. ಮಳೆಗೆ ಸುಮಾರು 2,500 ಲೀಟರ್ ನೀರು ಕೂಡುತ್ತದೆ. ದೋಣಿಯ ಎಲೆಕಸ ತೆಗೆಯುವುದೂ ಆ ಇಬ್ಬರ ಕೆಲಸಕ್ಕೇ ಸೇರಲಿ.